ಎಮ್ಮೆಯ ಕ್ಷಮೆ ಕೋರಿ

ಜೀಪಿನಂಥ ದೊಡ್ಡ ಗಾಡಿಯನ್ನು ಕೆಸರಿಗೋ ಹಳ್ಳಕ್ಕೋ ನುಗ್ಗಿಸುವ ಆ ವಿಡಿಯೊ ನೀವೂ ನೋಡಿದ್ದೀರಿ. ಮಳೆ ಶುರುವಾದರೆ ಸಾಕು, ವರ್ಷ ವರ್ಷವೂ ಅದೇ. ಗಾಡಿ ಬೇರೆ, ಹಳ್ಳ ಬೇರೆ, "ಏನಾಗಲ್ಲ, ಹೊಡಿ ಹೊಡಿ" ಅನ್ನುವ ದನಿ ಮಾತ್ರ ಒಂದೇ.

ಈ ಫೋರ್ ಬೈ ಫೋರ್ ವೀರರ ಮೇಲೆ, ಅಂದರೆ ಇಂಜಿನ್ ನಾಲ್ಕೂ ಚಕ್ರ ತಿರುಗಿಸಬಲ್ಲ ಗಾಡಿ ಇಟ್ಟುಕೊಂಡವರ ಮೇಲೆ, ನನಗೆ ಅಪಾರ ಗೌರವ. ವರ್ಷವಿಡೀ ಡಾಂಬರು ರಸ್ತೆಯಲ್ಲಿ ಎರಡೇ ಚಕ್ರ ದುಡಿಸುತ್ತಾರೆ. ಸಣ್ಣ ಉಬ್ಬು ಕಂಡರೂ ಒಳಗೆ ಹಸುಗೂಸು ಮಲಗಿದೆಯೇನೋ ಅನ್ನುವಷ್ಟು ಮೆಲ್ಲಗೆ ಹತ್ತಿಸುತ್ತಾರೆ. ಮೊದಲ ಮಳೆ ಬಿದ್ದ ಕೂಡಲೇ ಅವರೊಳಗಿನ ಎಮ್ಮೆ ಎದ್ದು ನಿಲ್ಲುತ್ತದೆ.

ಎಮ್ಮೆ ಅಂದದ್ದು ತಪ್ಪಾಯಿತು. ಅದು ಕೆಸರಿಗಿಳಿಯುವುದು ಮೈ ತಂಪಾಗಲಿ ಅಂತ. ಇಳಿಯುವ ಮೊದಲು ಕಾಲಿಟ್ಟು ನೋಡುತ್ತದೆ. ಸಾಕಾದಾಗ ತಾನೇ ಎದ್ದು ಬರುತ್ತದೆ, ಫೋಟೊ ಹಾಕುವುದಿಲ್ಲ.

ನಮ್ಮ ವೀರರು ಕಾಲಿಡುವುದಿಲ್ಲ, ಶೂ ಕೊಳೆಯಾಗುತ್ತದಲ್ವಾ! ಬಾಯಲ್ಲಿ ಲೋ ರೇಂಜ್, ಡಿಫರೆನ್ಷಿಯಲ್ ಲಾಕ್, ಸ್ನಾರ್ಕೆಲ್ ಅಂತ ಕೆಸರು-ನೀರು ದಾಟುವ ಸಲಕರಣೆಗಳ ಹೆಸರು. ಗಾಡಿಗೆ ಹಾಕಿದ್ದು ಮಾತ್ರ ಹೆದ್ದಾರಿಯ ಟೈರು. ಅದರ ಗೆರೆಗಳಲ್ಲಿ ಕೆಸರು ಮೆತ್ತಿಕೊಂಡರೆ ನಾಲ್ಕೂ ಚಕ್ರ ಒಟ್ಟಿಗೆ ಜಾರುತ್ತವೆ, ಅಷ್ಟೇ ಲಾಭ. ಟೈರಿನ ಗಾಳಿ ಒಂದಿಷ್ಟು ಇಳಿಸಿದ್ದರೆ ಹಿಡಿತ ಸಿಗುತ್ತಿತ್ತು. ಅದಕ್ಕೂ ಕೆಳಗಿಳಿಯಬೇಕಲ್ಲ! ಹಾಗಾಗಿ ಹೂತಾಗ ಒಂದೇ ಮದ್ದು, ಆಕ್ಸಿಲರೇಟರ್ ಇನ್ನಷ್ಟು ತುಳಿಯುವುದು. ಚಕ್ರ ಶ್ರದ್ಧೆಯಿಂದ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಗಾಡಿಯ ಹೊಟ್ಟೆ ನೆಲಕ್ಕೆ ಕೂರುತ್ತದೆ.

ನೀರಿನ ಕಥೆ ಇನ್ನೂ ಚೆಂದ. ಇಂಜಿನ್ನಿನೊಳಗೆ ಗಾಳಿಯನ್ನು ಅದುಮಬಹುದು, ನೀರನ್ನು ಆಗುವುದಿಲ್ಲ. ಪಿಸ್ಟನ್ ಅದುಮಲು ಹೋಗುತ್ತದೆ, ಅದನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ರಭಸವಾಗಿ ಹರಿಯುವ ನೀರು 60 ಸೆಂಟಿಮೀಟರ್ ಇದ್ದರೆ ದೊಡ್ಡ ಗಾಡಿಯೂ ಕೊಚ್ಚಿಹೋಗಬಹುದು. ತೇಲುತ್ತಿರುವಾಗ ನಾಲ್ಕು ಚಕ್ರ ತಿರುಗಿದರೇನು, ನಲವತ್ತು ತಿರುಗಿದರೇನು?

ಗಾಡಿ ಅವರದ್ದು, ದುಡ್ಡು ಅವರದ್ದು, ಹಾಳಾಗಲಿ. ದಾರಿ ಅವರದ್ದಲ್ಲ. ಅಲ್ಲಿ ದಿನಾ ನಡೆಯುವವರಿದ್ದಾರೆ. ಒದ್ದೆ ನೆಲದ ಮೇಲೆ ಭಾರದ ಗಾಡಿ ಹತ್ತು ಸಲ ಓಡಾಡಿದರೆ ಮಣ್ಣು ಬಿಗಿಯುತ್ತದೆ, ನೀರು ಇಂಗುವುದಿಲ್ಲ. ಚಕ್ರದ ಜಾಡು ಕಾಲುವೆಯಾಗುತ್ತದೆ. ಅದನ್ನು ತಪ್ಪಿಸಲು ಹಿಂದೆ ಬಂದವನು ಪಕ್ಕದ ಹುಲ್ಲಿನ ಮೇಲೆ ಹತ್ತಿಸುತ್ತಾನೆ, ಅಲ್ಲೂ ಒಂದು ಕಾಲುವೆ. ಬಿಸಿಲು ಬಂದ ಮೇಲೆ ಅದೇ ಕಲ್ಲಿನಂತಾಗಿ ಸೈಕಲ್ ತಳ್ಳಲೂ ಆಗುವುದಿಲ್ಲ. ಇದಕ್ಕೆ ಇವರಿಡುವ ಹೆಸರು "ಪ್ರಕೃತಿಯ ಮಡಿಲಲ್ಲಿ ಒಂದು ದಿನ". ಮಡಿಲು ಹರಿದವರು ಸಂಜೆಗೆ ಮನೆ ಸೇರಿದರು. ನಡೆಯುವವರು ವರ್ಷಪೂರ್ತಿ ಮುಗ್ಗರಿಸಬೇಕು. ಸಾಕಾಗಿದೆ ಮಾರಾಯರೆ, ನಗಲೂ ಬೇಜಾರು.

ಹ್ಞಾ, ಕೊನೆಗೊಂದು ಹಳೇ ಟ್ರ್ಯಾಕ್ಟರ್ ಬರುತ್ತದೆ. ಅದರ ಇಂಜಿನ್ ತಿರುಗಿಸುವುದು ಹಿಂದಿನ ಎರಡೇ ಚಕ್ರ. ಹಗ್ಗ ಕಟ್ಟಿ, ಸದ್ದಿಲ್ಲದೆ ಎಳೆದು ಹಾಕುತ್ತದೆ. ವಿಡಿಯೊದಲ್ಲಿ ಅಷ್ಟು ಭಾಗ ಯಾಕೋ ಕಾಣುವುದಿಲ್ಲ.