ಸುಲಭದ ಊಟ

ಹೊಗೆಯಲ್ಲಿ ಕೋಳಿ ಬೇಯಿಸುವುದು ಬಹಳ ಸುಲಭ ಅಂತ ಹೇಳುವವರೆಲ್ಲ ಗಂಡಸರೇ. ಒಳಗಿಟ್ಟು ಮುಚ್ಚಳ ಹಾಕಿದರೆ ಮುಗೀತು, ಆಮೇಲೆ ಏನೂ ಕೆಲಸ ಇಲ್ಲ ಅನ್ನುತ್ತಾರೆ. ನಿಜ. ಅವರಿಗೆ ಇಲ್ಲ.

ನಮ್ಮ ಮನೆಯವರು ಹೀಗೆ ಹೇಳಿಯೇ ಒಂದು ಶನಿವಾರ ಸಣ್ಣ ಟರ್ಕಿ ಕೋಳಿ ತಂದರು. ಮೂರೂವರೆ ಕೆಜಿ. "ನಾಳೆ ರಾತ್ರಿ ನಿನಗ ಅಡಿಗಿ ರಜಾ" ಅಂದರು. ಉಪ್ಪು, ಬೆಲ್ಲ ಕರಗಿಸಿದ ನೀರಿನಲ್ಲಿ ಅದನ್ನು ರಾತ್ರಿಯಿಡೀ ನೆನೆಸಬೇಕಂತೆ, ಅದೂ ಫ್ರಿಜ್ಜಿನಲ್ಲಿ. ಹಾಲು, ಮೊಸರು ಹೊರಗೆ ಬಂದವು, ಟರ್ಕಿ ಒಳಗೆ ಹೋಯಿತು. ಬಾಗಲಕೋಟೆಯ ಏಪ್ರಿಲ್‌ನಲ್ಲಿ ಹೊರಗಿಟ್ಟ ಹಾಲಿನ ಗತಿ ಗೊತ್ತಲ್ವಾ? ಬೆಳಿಗ್ಗೆ ಎಲ್ಲರೂ ಕರಿ ಚಹಾ ಕುಡಿದೆವು.

ಒಲೆಗೆ ಅತ್ತೆಯವರ ಜೋಳದ ಡ್ರಮ್ಮೇ ಆಗಬೇಕಾಯಿತು. ಜೋಳ ಚೀಲ ಸೇರಿತು, ಚೀಲಗಳು ಪಡಸಾಲೆಗೆ ಬಂದು ಸೋಫಾದ ಮುಂದೆ ಕೂತವು. ಅತ್ತೆ ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ನನಗೆ ಜಾಸ್ತಿ ಭಯ.

ಕಟ್ಟಿಗೆ ವಿಷಯದಲ್ಲಿ ಮಾತ್ರ ನಮ್ಮವರದು ಒಳ್ಳೇ ಲೆಕ್ಕ. ಟೆಕ್ಸಾಸ್‌ನವರು ಮಾಂಸಕ್ಕೆ ಹೊಗೆ ಹಿಡಿಸಲು ಮೆಸ್ಕೀಟ್ ಅನ್ನುವ ಕಟ್ಟಿಗೆಯನ್ನು ದುಡ್ಡು ಕೊಟ್ಟು ತರುತ್ತಾರೆ. ಅದರ ಹತ್ತಿರದ ಸಂಬಂಧಿಯೇ ನಮ್ಮ ಬಳ್ಳಾರಿ ಜಾಲಿ. ರಸ್ತೆ ಪಕ್ಕದಲ್ಲಿ ಪುಕ್ಕಟೆ ಬೆಳೆದು ಟೈರ್ ಪಂಕ್ಚರ್ ಮಾಡುತ್ತದಲ್ಲ, ಅದೇ. ಆದರೆ ಕಡಿದು ತಂದುಕೊಟ್ಟ ಹುಡುಗ ತಂದಿದ್ದು ಹಸಿ ಜಾಲಿ. ಒಣ ಕಟ್ಟಿಗೆಯ ಹೊಗೆ ತೆಳ್ಳಗೆ, ನೀಲಿ ಬಣ್ಣಕ್ಕೆ ಇರುತ್ತದೆ. ಹಸಿಯದು ದಟ್ಟ ಬಿಳಿ, ಮಾಂಸವನ್ನೂ ಕಹಿ ಮಾಡುತ್ತದೆ. ನಮ್ಮ ಮಾಳಿಗೆಯಿಂದ ಎದ್ದ ಹೊಗೆ ನವನಗರದ ಮುಂದಿನ ಸೆಕ್ಟರಿಗೂ ಕಂಡಿತು. ಪಕ್ಕದ ಮನೆ ಕಾಕು ಕೊಡ ನೀರು ಹಿಡಿದು ಓಡಿ ಬಂದರು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಕಳೆದುಕೊಂಡವರು ಅವರು.

"ನೀರು ಬಂತಂತ ಊರು ಬಿಟ್ಟು ಇಲ್ಲಿಗೆ ಬಂದ್ವಿ. ಇಲ್ಲಿ ನೀವು ಬೆಂಕಿ ಹಚ್ಚೀರೇನ್ರೀ?"

ಅವರ ಮಾಳಿಗೆಯ ಮೇಲೆ ವರ್ಷದ ಶ್ಯಾವಿಗೆ ಒಣಗುತ್ತಿತ್ತು. ಮುಂದಿನದನ್ನು ಬರೆಯೋದು ಬೇಡ.

ಆಮೇಲೆ ಪೇರಲ ಗಿಡದ ಒಣ ಕಟ್ಟಿಗೆ ಸಿಕ್ಕಿತು. 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನಾಲ್ಕು ಗಂಟೆ. ತೊಡೆಯ ದಪ್ಪ ಭಾಗದೊಳಗೆ 74 ಡಿಗ್ರಿ ದಾಟಿದರೆ ಬೆಂದ ಹಾಗೆ. ಅಳೆಯೋದು ಹೇಗೆ? ಅತ್ತೆ ಜ್ವರದ ಥರ್ಮಾಮೀಟರ್ ತಂದುಕೊಟ್ಟರು. ಅದು 42ಕ್ಕೆ ನಿಲ್ಲುತ್ತದೆ. ಟರ್ಕಿ ಬದುಕಿದ್ದಾಗಲೇ ಅದರ ಮೈ 41ರ ಹತ್ತಿರ ಇರುತ್ತದೆ. ಕೊನೆಗೆ ಯಾರದೋ ಮನೆಯಿಂದ ಅಡುಗೆ ಥರ್ಮಾಮೀಟರ್ ಬಂತು. ನಮ್ಮವರು ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಚುಚ್ಚಿದರು. ತೆಗೆದಾಗೆಲ್ಲ ಶಾಖ ಹೋಯಿತು. ನಾಲ್ಕು ಗಂಟೆ ಆರಾಯಿತು.

ಕೊಯ್ದಾಗ ಚರ್ಮದ ಕೆಳಗೆ ಮಾಂಸ ಗುಲಾಬಿ ಬಣ್ಣಕ್ಕಿತ್ತು. ಹೊಗೆಯ ನೈಟ್ರಿಕ್ ಆಕ್ಸೈಡ್ ಮಾಂಸಕ್ಕೆ ಹಿಡಿದರೆ ಹಾಗಾಗುತ್ತದೆ, ಪೂರ್ತಿ ಬೆಂದಿದ್ದರೂ ಬಣ್ಣ ಹೋಗೋದಿಲ್ಲ. ಇದನ್ನು ಅತ್ತೆಗೆ ಯಾರು ಹೇಳಬೇಕು?

"ಇದು ಹಸೀದ ಐತಿ. ನಾ ಒಲ್ಲೆ."

"ಬೆಂದೈತಿ ಅವ್ವಾ. 76 ಡಿಗ್ರಿ ಆಗೇತಿ ನೋಡು."

"ನೀನೂ ಡಿಗ್ರಿ ತಗೊಂಡಾಂವನ. ಬೆಂದೀಯೇನ?"

ರಾತ್ರಿ ಒಂಬತ್ತೂವರೆಗೆ ಟರ್ಕಿ ಕುಕ್ಕರಿಗೆ ಇಳಿಯಿತು. ಒಣ ಕೊಬ್ಬರಿ, ಉಳ್ಳಾಗಡ್ಡಿ ಸುಟ್ಟು ಮಸಾಲಿ ಅರೆದವಳು ನಾನು. ರೊಟ್ಟಿ ಬಡಿದವಳೂ ನಾನೇ. ಎಸರು ಮಾತ್ರ ಬಹಳ ರುಚಿಯಾಗಿತ್ತು, ಆ ಹೊಗೆಯ ವಾಸನೆ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಅತ್ತೆ ಎರಡು ಸಲ ಹಾಕಿಸಿಕೊಂಡರು. ನಮ್ಮವರಿಗೆ ಹುರುಪು ಬಂದು, ಬರುವ ವಾರ ಕುರಿ ತೊಡೆ ಇಡೋಣ, ಹನ್ನೆರಡು ತಾಸು ಬಿಟ್ಟರೆ ಸಾಕು, ಸುಲಭ ಅಂದರು.

ಮರುದಿನ ಬೆಳಿಗ್ಗೆ ಮೋಡಕಾ ಸಾಮಾನಿನವನ ಕೂಗು ಕೇಳಿಸಿತು. ನಾನು ಬಾಗಿಲಿಗೆ ಬರುವ ಹೊತ್ತಿಗೆ ಅತ್ತೆ ಡ್ರಮ್ಮನ್ನು ಬೀದಿಗೆ ಉರುಳಿಸಿಕೊಂಡು ಹೋಗಿ, ತೂಕದಲ್ಲಿ ಮೋಸ ಮಾಡಬ್ಯಾಡ ಅಂತ ಅವನಿಗೆ ಹೇಳುತ್ತಿದ್ದರು.