ಪಾಪಾಯ್‌ನ ಗೊಣಗಾಟ ಕಿತ್ತು ಹಾಕಿದವರಿಗೆ

ನಿನ್ನೆ ಅರಸೀಕೆರೆಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಎರಡನೇ ಪಂಕ್ತಿಯಲ್ಲಿ ಊಟ ಮುಗಿಸಿ, ಕೈ ತೊಳೆದು ಬಂದೆ. ಛತ್ರದ ಮೂಲೆಯಲ್ಲಿ ಅಕ್ಕನ ಮಗ ಪ್ಲಾಸ್ಟಿಕ್ ಕುರ್ಚಿ ಮೇಲೆ ಕಾಲು ಮಡಚಿ ಕೂತು ಮೊಬೈಲ್ ನೋಡ್ತಿದ್ದ. ಬಗ್ಗಿ ನೋಡಿದೆ. ಪಾಪಾಯ್! ಅದೇ, ಡಬ್ಬಿಯಲ್ಲಿರೋ ಪಾಲಕ್ ಸೊಪ್ಪು ತಿಂದ ಕೂಡಲೇ ಬಲ ಉಕ್ಕಿ ಗುದ್ದುವ ಹಳೇ ಕಾರ್ಟೂನ್ ನಾವಿಕ. ಏಳು ವರ್ಷದ ಹುಡುಗ ಇದನ್ನ ನೋಡ್ತಿದಾನಲ್ಲ ಅಂತ ಎಷ್ಟು ಖುಷಿಯಾಯ್ತು ಗೊತ್ತಾ? ಪಕ್ಕದ ಕುರ್ಚಿ ಎಳೆದುಕೊಂಡು ಕೂತೇಬಿಟ್ಟೆ.

ಆ ಖುಷಿ ಹತ್ತು ಸೆಕೆಂಡೂ ಉಳಿಯಲಿಲ್ಲ. ಅದು 1930ರ ದಶಕದ ಕಪ್ಪು ಬಿಳುಪಿನ ಚಿತ್ರ. ಯಾರೋ ಅದಕ್ಕೆ ಬಣ್ಣ ಬಳಿದಿದ್ದಾರೆ. ಇಲ್ಲದ ಫ್ರೇಮುಗಳನ್ನು ಕಂಪ್ಯೂಟರಿನಿಂದ ತುಂಬಿಸಿ, ಎಲ್ಲರೂ ಎಣ್ಣೆ ಮೇಲೆ ಜಾರುವ ಹಾಗೆ ಮಾಡಿದ್ದಾರೆ. ಮೂಲದ ಶಬ್ದ ಪೂರ್ತಿ ತೆಗೆದು ಧಡ್ ಧಡ್ ಅಂತ ಡಿಜೆ ಬೀಟ್ ಹಾಕಿದ್ದಾರೆ. ಕತೆಯೇ ಇಲ್ಲ. ಪಾಲಕ್ ಡಬ್ಬಿ, ಗುದ್ದು. ಮತ್ತೆ ಪಾಲಕ್ ಡಬ್ಬಿ, ಮತ್ತೆ ಗುದ್ದು. ನಲವತ್ತು ಸೆಕೆಂಡಿಗೆ ಮುಗೀತು.

ರಾತ್ರಿ ರೈಲಿನಲ್ಲಿ ವಾಪಸ್ ಬರುವಾಗಲೂ ಸಿಟ್ಟು ಇಳಿಯಲಿಲ್ಲ. ಈ ಹಳೇ ಕಾರ್ಟೂನುಗಳ ಬಗ್ಗೆ ನನಗಿರೋ ಹುಚ್ಚು ನಿಮಗೆಲ್ಲ ಗೊತ್ತು. ಅದಕ್ಕೇ ಉದ್ದ ಬರೀತಿದೀನಿ, ಸಹಿಸಿಕೊಳ್ಳಿ.

ಪಾಪಾಯ್ ಅಂದ್ರೆ ಗುದ್ದು ಅಲ್ಲ. ಪಾಪಾಯ್ ಅಂದ್ರೆ ಗೊಣಗಾಟ. ಬಾಯಿ ಅಲ್ಲಾಡಲ್ಲ, ಆದ್ರೆ ಒಳಗಿಂದ ಏನೋ ಬರ್ತಾ ಇರುತ್ತೆ. ಬಾಗಿಲು ತಟ್ಟುವಾಗ, ಮೆಟ್ಟಿಲು ಹತ್ತುವಾಗ, ತನ್ನ ದಢೂತಿ ಎದುರಾಳಿ ಬ್ಲೂಟೋ ಕೈಲಿ ಒದೆ ತಿಂದು ಏಳುವಾಗ, ತನ್ನಷ್ಟಕ್ಕೆ ತಾನು ಏನೋ ಹೇಳಿಕೊಳ್ತಾನೇ ಇರ್ತಾನೆ. ಅರ್ಧ ನಗು ಅಲ್ಲೇ ಇರೋದು.

ಅದು ಬಂದದ್ದು ಹೇಗೆ ಅಂತ ಕೇಳಿ. ನ್ಯೂಯಾರ್ಕಿನ ಫ್ಲೈಶರ್ ಅಣ್ಣತಮ್ಮಂದಿರ ಸ್ಟುಡಿಯೋದಲ್ಲಿ ಆಗ ಮೊದಲು ಚಿತ್ರ, ಆಮೇಲೆ ಮಾತು. ಚಿತ್ರ ಎಲ್ಲ ತಯಾರಾದ ಮೇಲೆ ಅದನ್ನು ನೋಡಿಕೊಂಡು ದನಿ ಕೊಡೋದು. ಹಾಗಾಗಿ ಕಲಾವಿದರು ಸಂದು ಸಿಕ್ಕಲ್ಲೆಲ್ಲ ತಮ್ಮದೊಂದು ಮಾತು ತೂರಿಸುತ್ತಿದ್ದರು. ಮೊದಲು ಬಿಲ್ಲಿ ಕಾಸ್ಟೆಲೊ ದನಿ ಕೊಟ್ಟ. 1935ರಿಂದ ಜಾಕ್ ಮರ್ಸರ್. ಈ ಮರ್ಸರ್ ಅದೇ ಸ್ಟುಡಿಯೋದಲ್ಲಿ ಚಿತ್ರ ಬಿಡಿಸೋ ಕೆಲಸಕ್ಕಿದ್ದವನು. ಪಾಪಾಯ್ ದನಿ ಅಣಕಿಸ್ತಾ ಅಣಕಿಸ್ತಾ ಅವನೇ ಪಾಪಾಯ್ ಆಗಿಬಿಟ್ಟ. ಆ ಗೊಣಗಾಟವನ್ನು ಅವನು ಎಲ್ಲಿಗೆ ಒಯ್ದ ಅಂತ ಕೇಳಿಯೇ ನೋಡಬೇಕು.

ಇನ್ನೂ ಹಿಂದಕ್ಕೆ ಹೋಗಿ. ಪಾಪಾಯ್ ಹುಟ್ಟಿದ್ದು ಪತ್ರಿಕೆಯ ಚಿತ್ರಪಟ್ಟಿಯಲ್ಲಿ, ಅಂದ್ರೆ ಕಾಮಿಕ್ ಸ್ಟ್ರಿಪ್ಪಿನಲ್ಲಿ. ಇ. ಸಿ. ಸೀಗರ್ 1919ರಿಂದ ಬಿಡಿಸುತ್ತಿದ್ದ ‘ತಿಂಬಲ್ ಥಿಯೇಟರ್’ ಅದು. ಮುಂದೆ ಪಾಪಾಯ್‌ನ ಪ್ರೇಯಸಿಯಾದ ಆಲಿವ್ ಅದರಲ್ಲಿ ಶುರುವಿನಿಂದಲೂ ಇದ್ದಳು. ಪಾಪಾಯ್ ಬಂದದ್ದು ಹತ್ತು ವರ್ಷದ ಮೇಲೆ, 1929ರ ಜನವರಿ 17ಕ್ಕೆ. ಹಡಗಿಗೆ ಆಳು ಹುಡುಕುತ್ತಾ ಬಂದ ಆಲಿವ್‌ಳ ಅಣ್ಣ ಬಂದರಿನಲ್ಲಿ ಅವನನ್ನು ನೋಡಿ, ನೀನು ನಾವಿಕನಾ ಅಂತ ಕೇಳ್ತಾನೆ. ಮತ್ತೇನು ದನ ಕಾಯೋನ ಥರ ಕಾಣ್ತೀನಾ ಅಂತ ಇವನ ಉತ್ತರ. ಅದೇ ಅವನ ಮೊದಲ ಮಾತು! ಸೀಗರ್ ಅವನ ಮಾತನ್ನು ಬೇಕಂತಲೇ ತಪ್ಪು ಸ್ಪೆಲ್ಲಿಂಗಿನಲ್ಲಿ ಬರೆಯುತ್ತಿದ್ದ. ಓದಿದರೆ ಒರಟು ದನಿ ಕಿವಿಗೆ ಕೇಳಿಸೋ ಹಾಗೆ. ಕಾಗದದ ಮೇಲಿನ ಆ ದನಿಯೇ ಸಿನಿಮಾಗೆ ಬಂದಾಗ ಗೊಣಗಾಟ ಆಯ್ತು ಅಂತ ನನ್ನ ನಂಬಿಕೆ. ಅದನ್ನು ತೆಗೆದು ಹಾಕಿದ್ರೆ ಸೀಗರ್‌ನನ್ನೇ ತೆಗೆದು ಹಾಕಿದ ಹಾಗೆ, ಅಲ್ವಾ?

1933ರ ಮೊದಲ ಪಾಪಾಯ್ ಚಿತ್ರ ನೋಡಿ. ಶುರುವಾಗೋದೇ ಪತ್ರಿಕೆ ಅಚ್ಚಾಗಿ ಬರೋದರಿಂದ. ಪಾಪಾಯ್ ಈಗ ಸಿನಿಮಾ ಸ್ಟಾರ್ ಅಂತ ತಲೆಬರಹ. ಅದರ ಕೆಳಗಿನ ಚಿತ್ರಕ್ಕೆ ಜೀವ ಬಂದು, ಅವನು ಹಡಗಿನ ಮೇಲೆ ಹಾಡುತ್ತಾ ಬರ್ತಾನೆ. ಹಾಡಿನ ನಡುವೆ ಲಂಗರಿಗೆ ಒಂದು ಗುದ್ದು ಕೊಡ್ತಾನೆ. ಅಷ್ಟು ದೊಡ್ಡ ಲಂಗರು ಚೂರಾಗಿ ಸಣ್ಣ ಸಣ್ಣ ಮೀನಿನ ಗಾಳ ಆಗುತ್ತೆ! ನಿಮ್ಮ ಪತ್ರಿಕೆಯ ಮನುಷ್ಯ ಎದ್ದು ಬಂದಿದ್ದಾನೆ ಅಂತ ಓದುಗರಿಗೆ ಎಷ್ಟು ಪ್ರೀತಿಯಿಂದ ಹೇಳಿದ್ದಾರೆ ನೋಡಿ.

ಈ ಎದ್ದು ಬರೋ ಖುಷಿ ಅದಕ್ಕಿಂತ ಹಳೇದು. 1911ರಲ್ಲಿ ವಿನ್ಸರ್ ಮೆಕೇ ಎಂಬ ವ್ಯಂಗ್ಯಚಿತ್ರಕಾರ ತನ್ನ ‘ಲಿಟಲ್ ನೀಮೋ’ ಚಿತ್ರಪಟ್ಟಿಯ ಪಾತ್ರಗಳನ್ನು ಪರದೆ ಮೇಲೆ ತಂದ. ಅದಕ್ಕೆ 4,000 ಚಿತ್ರ ಬಿಡಿಸಿದ. ಕೈಯಿಂದ! ಚಿತ್ರದಲ್ಲಿ ಫ್ಲಿಪ್ ಎಂಬ ಪಾತ್ರದ ತಲೆ ಮೇಲೆ, ನಾನು ಅಲ್ಲಾಡೋದು ನೋಡಿ ಅಂತ ಬರೆದಿರುತ್ತೆ. ಆಮೇಲೆ ಅವನು ತಲೆ ತಿರುಗಿಸ್ತಾನೆ. ಅಷ್ಟೇ. ನನಗೆ ಅದು ಪ್ರತಿ ಸಲವೂ ಮೈ ಜುಮ್ ಅನ್ನಿಸುತ್ತೆ. ಆಮೇಲೆ ಎಲ್ಲರೂ ಜಾತ್ರೆಯ ಡೊಂಕು ಕನ್ನಡಿಯಲ್ಲಿ ಕಂಡ ಹಾಗೆ ಉದ್ದ ಆಗ್ತಾರೆ, ಕುಳ್ಳ ಆಗ್ತಾರೆ. ಅದರಲ್ಲಿ ಇಂಪಿ ಅನ್ನೋ ಆಫ್ರಿಕನ್ ಹುಡುಗನನ್ನು ಬಿಡಿಸಿದ ರೀತಿ ಮಾತ್ರ ಕೆಟ್ಟದ್ದು. ಅದನ್ನು ನಾನು ಮುಚ್ಚಿಡೋದಿಲ್ಲ.

ಈಗ ಸ್ನೇಹಿತರು ಹೇಳ್ತಾರೆ: ಬಿಡು, ಹೀಗಾದ್ರೂ ಮಕ್ಕಳು ನೋಡ್ತಾರಲ್ಲ. ಕಪ್ಪು ಬಿಳುಪು ಅಂದ್ರೆ ಈಗಿನವರು ಮುಟ್ಟಲ್ಲ. ಮೇಲಾಗಿ 1929ರ ಪಾಪಾಯ್ ಮೇಲಿನ ಕಾಪಿರೈಟ್ ಅಮೆರಿಕದಲ್ಲಿ 2025ರ ಜನವರಿ 1ಕ್ಕೆ ಮುಗೀತು, ಯಾರು ಬೇಕಾದ್ರೂ ಏನು ಬೇಕಾದ್ರೂ ಮಾಡಬಹುದು ಅಂತ.

ಮುಗಿದದ್ದು ಆ ವರ್ಷದ ಚಿತ್ರಪಟ್ಟಿಯದ್ದು, 1933ರ ಸಿನಿಮಾದ್ದಲ್ಲ. ಅದಿರಲಿ. ಹೊಸ ಕತೆ ಕಟ್ಟಿ, ಹೊಸದಾಗಿ ಬಿಡಿಸಿ, ಮೊದಲು ಚಪ್ಪಾಳೆ ತಟ್ಟೋನು ನಾನೇ. ಆದರೆ ಇರೋದನ್ನ ಕಿತ್ತು ಹಾಕೋದು ಯಾವ ಕೆಲಸ? ಬಣ್ಣದ ಮೇಲೂ ನನಗೆ ಹಗೆ ಇಲ್ಲ. ಮೆಕೇ ತನ್ನ ಚಿತ್ರಕ್ಕೆ ತಾನೇ ಕೂತು ಒಂದೊಂದು ಫ್ರೇಮಿಗೂ ಬಣ್ಣ ಹಚ್ಚಿದ್ದ. ಫ್ಲೈಶರ್‌ಗಳೇ 1936ರಲ್ಲಿ ಸಿಂದಬಾದನ ಕತೆಗೆ ಪಾಪಾಯ್‌ನನ್ನು ತಂದು ಬಣ್ಣದ ಚಿತ್ರ ಮಾಡಿದರು. ಹಿನ್ನೆಲೆಗೆ ನಿಜವಾದ ಪುಟ್ಟ ಗುಡ್ಡ, ಗುಹೆ ಕಟ್ಟಿ, ತಿರುಗೋ ಮೇಜಿನ ಮೇಲಿಟ್ಟು, ಅದರ ಮುಂದೆ ಚಿತ್ರ ನಿಲ್ಲಿಸಿ ಫೋಟೋ ತೆಗೆದರು. ಇವತ್ತಿಗೂ ಕಣ್ಣು ಅರಳುತ್ತೆ. ಅದು ಮಾಡಿದವರೇ ಆಸೆಪಟ್ಟು ಹಾಕಿದ ಬಣ್ಣ. 1980ರ ದಶಕದಲ್ಲಿ ಟೀವಿಗೆ ಅಂತ ಹಳೇ ಕಪ್ಪು ಬಿಳುಪಿನ ಪಾಪಾಯ್ ಚಿತ್ರಗಳನ್ನು ಮತ್ತೆ ತಿದ್ದಿ ಬಣ್ಣ ಹಾಕಿದರಲ್ಲ, ಆಗಲೇ ಎಷ್ಟೋ ಸೂಕ್ಷ್ಮ ಚಲನೆ ಹೋಯ್ತು. ಪುಣ್ಯಕ್ಕೆ ಮಾತಾದರೂ ಉಳಿದಿತ್ತು. ಈಗ ಅದೂ ಹೋಯ್ತು.

ಈ ಕಾಯಿಲೆ ಹೊಸದೂ ಅಲ್ಲ. ಜಾರ್ಜ್ ಹೆರಿಮನ್‌ನ ‘ಕ್ರೇಜಿ ಕ್ಯಾಟ್’ ಚಿತ್ರಪಟ್ಟಿ ನೆನಪಿದೆಯಲ್ವಾ? ಇಲಿ ಇಟ್ಟಿಗೆ ಎಸೆಯುತ್ತೆ, ಬೆಕ್ಕು ಅದನ್ನೇ ಪ್ರೀತಿ ಅಂದುಕೊಳ್ಳುತ್ತೆ. ಅಷ್ಟು ಸೊಗಸಾದ ಹುಚ್ಚನ್ನು 1930ರ ದಶಕದ ಸಿನಿಮಾದಲ್ಲಿ ಮಿಕ್ಕಿ ಮೌಸಿನ ನಕಲು ಮಾಡಿ, ಒಬ್ಬ ಗರ್ಲ್‌ಫ್ರೆಂಡ್ ಕೊಟ್ಟು ಕೂರಿಸಿದರು. ಇಟ್ಟಿಗೆಯೇ ಇಲ್ಲದ ಮೇಲೆ ಅದೆಂಥಾ ಕ್ರೇಜಿ ಕ್ಯಾಟ್?

ಆ ಡಿಜೆ ಬೀಟಿನ ಮೇಲೆ ಇನ್ನೂ ಒಂದು ಸಿಟ್ಟಿದೆ. ಫ್ಲೈಶರ್ ಚಿತ್ರಗಳಲ್ಲಿ ಪಾತ್ರಗಳು ಸುಮ್ನೆ ನಿಲ್ಲೋದೇ ಇಲ್ಲ. ನಿಂತಲ್ಲೇ ಮೊಣಕಾಲು ಬಗ್ಗಿಸಿ ಏಳ್ತಾ ಇರ್ತವೆ. ಅದು ಹಿಂದೆ ಬರೋ ಸಂಗೀತದ ತಾಳಕ್ಕೆ. ಆ ಸಂಗೀತ ತೆಗೆದು ಬೇರೆಯದು ಹಾಕಿದ್ರೆ ತಾಳ ತಪ್ಪಿದ ಕುಣಿತ ಅಷ್ಟೇ. ಇನ್ನು ಗುದ್ದು. ನಿನ್ನೆ ತಾಳಿ ಕಟ್ಟುವಾಗ ಗಟ್ಟಿಮೇಳ ಹೊಡೆದರು, ಇಡೀ ಛತ್ರ ಎದ್ದು ನಿಂತು ಅಕ್ಷತೆ ಹಾಕಿತು. ಬೆಳಗ್ಗೆಯಿಂದ ಸಂಜೆ ತನಕ ಗಟ್ಟಿಮೇಳವೇ ಹೊಡೆದಿದ್ದರೆ ಯಾರು ತಲೆ ಎತ್ತಿ ನೋಡ್ತಿದ್ದರು? ಪಾಲಕ್ ಡಬ್ಬಿ ಬರೋದು ಐದಾರು ನಿಮಿಷ ಒದೆ ತಿಂದ ಮೇಲೆ. ಆ ಒದೆ ಕಾಣಿಸದೆ ಡಬ್ಬಿ ತೋರಿಸಿದ್ರೆ ಏನು ಬಂತು?

ಇಂಗ್ಲಿಷ್ ಗೊಣಗಾಟ ನಮ್ಮ ಮಕ್ಕಳಿಗೆ ಅರ್ಥ ಆಗಲ್ಲ ಅನ್ನೋರಿಗೆ ನಮ್ಮಪ್ಪನ ವಿಷಯ ಹೇಳಬೇಕು. ಇದನ್ನ ಇಲ್ಲಿ ಯಾವತ್ತೂ ಬರೆದಿಲ್ಲ.

ಅಪ್ಪನದು ಸೈಕಲ್ ಶಾಪ್. ಇಂಗ್ಲಿಷ್ ಒಂದಕ್ಷರ ಬರ್ತಿರಲಿಲ್ಲ. 1998ರಲ್ಲಿ ಮನೆಗೆ ಕೇಬಲ್ ಬಂತು, ಕಾರ್ಟೂನ್ ನೆಟ್‌ವರ್ಕಿನಲ್ಲಿ ಪಾಪಾಯ್ ಬರ್ತಿತ್ತು. ಅಪ್ಪ ಅಂಗಡಿ ಮುಚ್ಚಿ ಬಂದು, ಗ್ರೀಸ್ ಕೈ ಸೀಮೆಎಣ್ಣೆಯಲ್ಲಿ ಉಜ್ಜಿಕೊಳ್ಳುತ್ತಾ ಬಾಗಿಲಲ್ಲೇ ನಿಂತು ನೋಡ್ತಿದ್ದರು. ಗುದ್ದಿಗೆ ಅವರು ನಕ್ಕಿದ್ದು ನಾನು ನೋಡಿಲ್ಲ. ಪಾಪಾಯ್ ಗೊಣಗಿದಾಗ ಮಾತ್ರ ನಗೋರು. ಹೊಟ್ಟೆ ಕುಣಿಸಿಕೊಂಡು ನಗೋರು. ಯಾಕೆ ಅಂತ ನನಗೆ ಆಗ ಗೊತ್ತಾಗಲಿಲ್ಲ. ಈಗ ಗೊತ್ತು. ಅಪ್ಪ ಟ್ಯೂಬನ್ನು ನೀರಿನ ಬಾಂಡ್ಲಿಯಲ್ಲಿ ಮುಳುಗಿಸಿ, ಇಷ್ಟಿಷ್ಟೇ ಹಿಂಡುತ್ತಾ, ಪಂಕ್ಚರ್ ಜೊತೆ ಮಾತಾಡ್ತಿದ್ದರು. ಗುಳ್ಳೆ ಎದ್ದ ಕೂಡಲೇ ಹೆಬ್ಬೆರಳು ಒತ್ತಿ, “ಇಲ್ಲಿ ಬಚ್ಚಿಟ್ಕೊಂಡಿದೀಯೇನೋ ಮಗನೇ” ಅನ್ನೋರು. ಅದು ಯಾರಿಗೂ ಹೇಳಿದ್ದಲ್ಲ. ಅವರು ಹೋಗಿ ಒಂಬತ್ತು ವರ್ಷ ಆಯ್ತು. ಅವರ ದನಿ ಯಾವ ಫೋನಲ್ಲೂ ಇಲ್ಲ. ಜಾಕ್ ಮರ್ಸರ್‌ನ ಗೊಣಗಾಟ ಕೇಳಿದಾಗೆಲ್ಲ ನನಗೆ ಆ ಬಾಂಡ್ಲಿ ನೀರು ಕಾಣುತ್ತೆ.

ಛತ್ರದಲ್ಲಿ ಹುಡುಗನ ಫೋನ್ ಇಸಿದುಕೊಂಡು ಮೂಲದ ಒಂದು ಚಿತ್ರ ಹಾಕಿಕೊಟ್ಟೆ. ಓಲಗದ ಸದ್ದು ಜಾಸ್ತಿ ಇತ್ತು, ಫೋನನ್ನು ಇಬ್ಬರ ಕಿವಿ ನಡುವೆ ಹಿಡಿದುಕೊಂಡೆವು. ಮೊದಲು ಮುಖ ಗಂಟಿಕ್ಕಿದ. ಎರಡು ನಿಮಿಷ ಆದ ಮೇಲೆ, “ಮಾಮ, ಅವನು ಬಾಯೇ ತೆಗೆದಿಲ್ಲ, ಆದ್ರೂ ಮಾತಾಡ್ತಿದಾನೆ!” ಅಂದ. ಏನಂದ ಅಂತ ಕೇಳಲಿಲ್ಲ. ಹಿಂದಕ್ಕೆ ತಳ್ಳಿ ಅದೇ ಜಾಗ ಮತ್ತೆ ಹಾಕಿಸಿದ. ಮತ್ತೆ ನಕ್ಕ.

ಅಷ್ಟರಲ್ಲಿ ಫೋಟೋಗೆ ಕರೆದರು. ಬರೋ ಭಾನುವಾರ ಅಕ್ಕನ ಮನೆಗೆ ಹೋಗ್ತಿದೀನಿ. 1934ರ ಒಂದು ಚಿತ್ರ ಇದೆ. ಆಲಿವ್ ನಿದ್ದೆಯಲ್ಲಿ ಎದ್ದು, ಕಟ್ಟುತ್ತಿರೋ ಕಟ್ಟಡದ ಕಬ್ಬಿಣದ ತೊಲೆಗಳ ಮೇಲೆ ನಡೀತಾಳೆ. ಅವಳನ್ನು ಕಾಪಾಡೋದು ಯಾರು ಅಂತ ಪಾಪಾಯ್, ಬ್ಲೂಟೋ ಅಲ್ಲೇ ಬಡಿದಾಡ್ತಾರೆ. ಅವಳಿಗೆ ಎಚ್ಚರವೇ ಇಲ್ಲ. ಅದನ್ನ ದೊಡ್ಡ ಟೀವಿಯಲ್ಲಿ ಹಾಕ್ತೀನಿ ಅಂತ ಹುಡುಗನಿಗೆ ಮಾತು ಕೊಟ್ಟಿದೀನಿ. ಸೌಂಡ್ ಪೂರ್ತಿ ಇಟ್ಟು.