ಪಹಣಿಯಲ್ಲಿ ರಾಜನ ಹೆಸರಿಲ್ಲ

ಇಂಗ್ಲೆಂಡಿನಲ್ಲಿ ಡೂಮ್ಸ್‌ಡೇ ಅಂತ ಒಂದು ಹಳೇ ಭೂದಾಖಲೆ ಇದೆ. 1086ರದ್ದು. ಯಾವ ಊರು, ಯಾರ ಜಮೀನು, ಎಷ್ಟು ನೇಗಿಲು, ಎಷ್ಟು ಗಿರಣಿ, ಎಲ್ಲವನ್ನೂ ಬರೆದಿಟ್ಟ ದಪ್ಪ ಪುಸ್ತಕ. ಅವರ ಪಹಣಿ ಅಂದುಕೊಳ್ಳಿ. ಅದರಲ್ಲಿ ಒಂದು ಮಾತು ಬರುತ್ತದೆ: ‘ಎಡ್ವರ್ಡ್ ರಾಜ ಬದುಕಿದ್ದ ಮತ್ತು ಸತ್ತ ದಿನ’ ಈ ಜಮೀನು ಇಂಥವನದ್ದಾಗಿತ್ತು. ಬದುಕಿದ್ದ ಮತ್ತು ಸತ್ತ. ಎರಡೂ ಒಂದೇ ದಿನ. ಆ ದಿನ 1066ರ ಜನವರಿ 5. ಬರೆದು ಬರೆದು ಕೈ ನೋವು ಬಂತೋ ಏನೋ, ಗುಮಾಸ್ತ ಬಹಳ ಕಡೆ ಅದನ್ನು ಮೂರೇ ಅಕ್ಷರಕ್ಕೆ ಇಳಿಸಿಬಿಟ್ಟಿದ್ದಾನೆ. ಟಿ, ಆರ್, ಇ. ಲ್ಯಾಟಿನ್ನಿನಲ್ಲಿ ‘ಎಡ್ವರ್ಡ್ ರಾಜನ ಕಾಲದಲ್ಲಿ’ ಅಂತ ಅರ್ಥ.

ಸರಿ, ಎಡ್ವರ್ಡ್ ಹೋದ. ಆಮೇಲೆ ಯಾರು? ಪುಸ್ತಕದ ಪ್ರಕಾರ, ಸಮುದ್ರದಾಚೆ ಫ್ರಾನ್ಸಿನ ಉತ್ತರ ತೀರದಲ್ಲಿರುವ ನಾರ್ಮಂಡಿಯ ದೊರೆ ವಿಲಿಯಂ. ನಡುವೆ ಯಾರೂ ಇಲ್ಲ.

ಆದರೆ ಎಡ್ವರ್ಡನನ್ನು ಹೂಳಿದ ದಿನವೇ, ಜನವರಿ 6ರಂದು, ಹೆರಾಲ್ಡ್ ಗಾಡ್ವಿನ್‌ಸನ್ ಎಂಬಾತನ ತಲೆಗೆ ಕಿರೀಟ ಇಟ್ಟಿದ್ದರು. ಅವನು ಸತ್ತಿದ್ದು ಅಕ್ಟೋಬರ್ 14ಕ್ಕೆ. ಒಂಬತ್ತು ತಿಂಗಳು ತುಂಬಿ ಮೇಲೆ ಎಂಟು ದಿನ. ಅಷ್ಟರಲ್ಲಿ ಒಂದು ಕೂಸೇ ಹುಟ್ಟಿಬಿಡುತ್ತದೆ. ಅವನ ಹೆಸರಲ್ಲಿ ನಾಣ್ಯ ಹೊಡೆದಿದ್ದರು, ನಾಣ್ಯದ ಹಿಂಬದಿಗೆ ‘ಶಾಂತಿ’ ಅಂತ ಬರೆಸಿದ್ದರು. ಪಾಪ, ಅದೇ ವರ್ಷ ಮೂರು ಯುದ್ಧ. ಇಷ್ಟೆಲ್ಲ ಆಗಿದ್ದರೂ ಡೂಮ್ಸ್‌ಡೇ ಪುಸ್ತಕದಲ್ಲಿ ಅವನು ರಾಜ ಅಲ್ಲ, ಅರ್ಲ್ ಹೆರಾಲ್ಡ್. ಅಂದರೆ ರಾಜನ ಕೈಕೆಳಗಿನ ಒಬ್ಬ ಸೀಮೆಯ ಒಡೆಯ. ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ‘ಹೆರಾಲ್ಡ್ ಆಳುತ್ತಿದ್ದಾಗ’ ಅಂತ ಬಂದುಬಿಟ್ಟಿದೆ. ಗುಮಾಸ್ತನ ಕೈ ತಪ್ಪಿರಬೇಕು. ಮನುಷ್ಯ ಅಲ್ವಾ, ಅಭ್ಯಾಸಬಲ.

ಕತ್ತಿ ಹಿಡಿದು ಬಂದು ದೇಶ ಕಿತ್ತುಕೊಂಡವರು ಚರಿತ್ರೆಯಲ್ಲಿ ಬೇಕಾದಷ್ಟು ಜನ. ಅವರಲ್ಲಿ ಹೆಚ್ಚಿನವರು ‘ಗೆದ್ದೆ, ತಗೊಂಡೆ’ ಅಂತ ಒಪ್ಪಿಕೊಂಡು ಸುಮ್ಮನಾಗುತ್ತಾರೆ. ವಿಲಿಯಂ ಹಾಗಲ್ಲ. ಅವನಿಗೆ ಪೌತಿ ಖಾತೆ ಬೇಕಿತ್ತು. ‘ನಾನು ಕಿತ್ತುಕೊಂಡಿಲ್ಲ, ನೆಂಟರ ಆಸ್ತಿ, ವಾರಸುದಾರಿಕೆಯಲ್ಲಿ ಬಂದಿದೆ’ ಅನ್ನೋದು ಅವನ ವಾದ. ನೆಂಟಸ್ತಿಕೆ ಏನು ಅಂತ ಕೇಳಿದರೆ, ಎಡ್ವರ್ಡನ ತಾಯಿ ಎಮ್ಮಾ ವಿಲಿಯಂನ ಅಜ್ಜನ ತಂಗಿ. ಇಂಗ್ಲೆಂಡಿನ ರಾಜಮನೆತನದ ರಕ್ತ ಇವನಲ್ಲಿ ಒಂದು ಹನಿಯೂ ಇಲ್ಲ.

ಹಾಗಂತ ಹೆರಾಲ್ಡನದ್ದು ಭಾರೀ ಗಟ್ಟಿ ಹಕ್ಕು ಅಂತ ತಿಳಿಯಬೇಡಿ. ಅವನು ರಾಜನ ಬಾಮೈದ. ಅಷ್ಟೇ.

ತಮಾಷೆಯ ಮೂಲ ಇರುವುದು ಎಡ್ವರ್ಡನಲ್ಲೇ. 1042ರಿಂದ ಆಳಿದ, ಮಕ್ಕಳಾಗಲಿಲ್ಲ. ಮಕ್ಕಳಿಲ್ಲದ ದೊಡ್ಡ ಮನೆಯ ಯಜಮಾನನ ಸುತ್ತ ಎಷ್ಟು ಜನ ಸೇರುತ್ತಾರೆ ಅಂತ ಹೇಳಬೇಕಾಗಿಲ್ಲ. 1051ರಲ್ಲಿ ನಮ್ಮ ದೊರೆಗೆ ಮಾತು ಕೊಟ್ಟಿದ್ದ ಅಂತ ನಾರ್ಮನ್ನರು. ನನಗೂ ಕೊಟ್ಟಿದ್ದ ಅಂತ ಡೆನ್ಮಾರ್ಕಿನ ರಾಜ ಸ್ವೇನ್. ಸಾಯುವಾಗ ಹಾಸಿಗೆಯಿಂದ ಕೈ ಚಾಚಿ ನನಗೇ ಒಪ್ಪಿಸಿದ ಅಂತ ಹೆರಾಲ್ಡ್. ನಾರ್ವೆಯ ಹರಾಲ್ಡ್ ಹಾರ್ಡ್ರಾಡನದ್ದು ಇನ್ನೂ ಚೆಂದ. ಎಡ್ವರ್ಡನಿಗಿಂತ ಮುಂಚೆ ಇಂಗ್ಲೆಂಡ್ ಆಳಿದ ಹಾರ್ತಕ್ನೂಟ್ ಮತ್ತು ನಾರ್ವೆಯ ಮ್ಯಾಗ್ನಸ್ ಇಬ್ಬರೂ ‘ಯಾರು ಮೊದಲು ಸಾಯುತ್ತಾರೋ ಅವರ ರಾಜ್ಯ ಉಳಿದವನಿಗೆ’ ಅಂತ ಒಪ್ಪಂದ ಮಾಡಿಕೊಂಡಿದ್ದರಂತೆ. ಇಬ್ಬರೂ ಸತ್ತು ಎಷ್ಟೋ ವರ್ಷವಾಗಿತ್ತು. ಆ ಸತ್ತವರ ಕರಾರಿನ ಮೇಲೆ ಇವನು, ಮ್ಯಾಗ್ನಸ್‌ನ ಚಿಕ್ಕಪ್ಪ, 300 ಹಡಗು ಕಟ್ಟಿಕೊಂಡು ಬಂದ.

ಇಷ್ಟು ಜನರ ನಡುವೆ ಇಂಗ್ಲೆಂಡಿನ ರಾಜಮನೆತನದ ರಕ್ತ ಇದ್ದವನು ಒಬ್ಬನೇ, ಎಡ್ಗರ್ ಎಂಬ ಹುಡುಗ. ಹಳೇ ರಾಜ ಎಡ್ಮಂಡನ ಮೊಮ್ಮಗ, ಹದಿನಾಲ್ಕರ ಆಸುಪಾಸಿನ ಪೋರ. ಅವನಿಗೆ ಮಾತ್ರ ಯಾರೂ ಯಾವ ಮಾತನ್ನೂ ಕೊಟ್ಟಿರಲಿಲ್ಲ.

ವಿಲಿಯಂ ಬರೀ ಬಾಯಿಮಾತು ನಂಬಿ ಕೂರುವ ಆಸಾಮಿಯಲ್ಲ. ಸುಮಾರು 1064ರಲ್ಲಿ ಹೆರಾಲ್ಡ್ ಹೇಗೋ ನಾರ್ಮಂಡಿಯ ಪಕ್ಕದ ಕರಾವಳಿಗೆ ಹೋಗಿ ಅಲ್ಲಿನ ದೊರೆಯ ಕೈಗೆ ಸಿಕ್ಕಿಬಿದ್ದ. ವಿಲಿಯಂ ಬಿಡಿಸಿಕೊಂಡು ಬಂದ, ಉಪಚಾರ ಮಾಡಿದ, ಕೊನೆಗೆ ಆಣೆ ಮಾಡಿಸಿಕೊಂಡ. ಮುಂದೆ ಹುಟ್ಟಿದ ಕಥೆಯ ಪ್ರಕಾರ ಹೆರಾಲ್ಡ್ ಕೈ ಇಟ್ಟ ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿತ್ತು. ಆಣೆ ಮುಗಿದ ಮೇಲೆ ಬಟ್ಟೆ ಸರಿಸಿದರೆ ಒಳಗೆ ಸಂತರ ಮೂಳೆಗಳು! ಸಣ್ಣಕ್ಷರದ ಷರತ್ತುಗಳನ್ನು ಸಹಿ ಹಾಕಿಸಿಕೊಂಡ ಮೇಲೆ ತೋರಿಸುವವರು ಆಗಲೂ ಇದ್ದರು ಅಂತಾಯಿತು.

ಆಣೆ ಮುರಿದ ಅಂತ ವಿಲಿಯಂ ಪೋಪ್ ಎರಡನೇ ಅಲೆಕ್ಸಾಂಡರ್‌ಗೆ ದೂರು ಕೊಟ್ಟ. ಜೊತೆಗೆ ಇನ್ನೊಂದು ಆರೋಪ: ಇಂಗ್ಲೆಂಡಿನ ಚರ್ಚ್ ಕೆಟ್ಟಿದೆ, ಅಲ್ಲಿನ ಆರ್ಚ್‌ಬಿಷಪ್ ಸ್ಟಿಗಂಡ್ ಎರಡೆರಡು ಪೀಠ ಇಟ್ಟುಕೊಂಡು ಕೂತಿದ್ದಾನೆ. ಅದು ನಿಜವೇ. ಕ್ಯಾಂಟರ್ಬರಿಯೂ ಅವನದೇ, ವಿಂಚೆಸ್ಟರೂ ಅವನದೇ. ರೋಮ್ ಬೆಂಬಲ ಸಿಕ್ಕಿತು. ಆ ಭ್ರಷ್ಟ ಸ್ಟಿಗಂಡನನ್ನು ಗೆದ್ದ ಮೇಲೆ ವಿಲಿಯಂ ಏನು ಮಾಡಿದ? ಏನೂ ಮಾಡಲಿಲ್ಲ. 1070ರ ತನಕ ಅದೇ ಹುದ್ದೆಯಲ್ಲಿ ಇಟ್ಟುಕೊಂಡ.

ಯುದ್ಧದ ಕಥೆ ಎಲ್ಲರಿಗೂ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಹೆರಾಲ್ಡ್ ಬೇಸಿಗೆಯಿಡೀ ದಕ್ಷಿಣ ಕರಾವಳಿಯಲ್ಲಿ ಸೈನ್ಯ ಇಟ್ಟು ಕಾದ. ಗಾಳಿ ಎದುರಾಗಿ ವಿಲಿಯಂ ಬರಲಿಲ್ಲ. ದವಸ ಖಾಲಿಯಾಯಿತು, ಊರಲ್ಲಿ ಸುಗ್ಗಿ. ಸೆಪ್ಟೆಂಬರ್ 8ಕ್ಕೆ ಸೈನ್ಯವನ್ನು ಮನೆಗೆ ಕಳಿಸಿದ. ಕಳಿಸಿದ್ದೇ ತಡ, ಉತ್ತರದಲ್ಲಿ ನಾರ್ವೆಯವನು ಇಳಿದ. ಜೊತೆಗೆ ಹೆರಾಲ್ಡನ ಸ್ವಂತ ತಮ್ಮ ಟಾಸ್ಟಿಗ್. ಸುಮಾರು 300 ಕಿಲೋಮೀಟರ್ ಓಡಿಹೋಗಿ ಸೆಪ್ಟೆಂಬರ್ 25ರಂದು ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ಇಬ್ಬರನ್ನೂ ಮುಗಿಸಿದ. 300 ಹಡಗಲ್ಲಿ ಬಂದವರು ವಾಪಸು ಹೋಗಲು 24 ಸಾಕಾಯಿತು. ಮೂರೇ ದಿನಕ್ಕೆ ಗಾಳಿ ತಿರುಗಿ ವಿಲಿಯಂ ಪೆವೆನ್ಸಿಯಲ್ಲಿ ಇಳಿದ. ಕಾಯುವವರೇ ಇಲ್ಲದ ಕರಾವಳಿ. ಅಕ್ಟೋಬರ್ 14, ಹೇಸ್ಟಿಂಗ್ಸ್. ಅಲ್ಲಿಗೆ ಮುಗಿಯಿತು.

ಮುಗಿಯಿತು ಅಂದೆನಾ? ಅಸಲಿ ಪ್ರಹಸನ ಶುರುವಾಗುವುದೇ ಇಲ್ಲಿಂದ. ಹೆರಾಲ್ಡ್ ಸತ್ತ ಸುದ್ದಿ ಬಂದದ್ದೇ ಲಂಡನ್ನಿನ ದೊಡ್ಡವರು ಸೇರಿ ಎಡ್ಗರ್ ಹುಡುಗನನ್ನು ರಾಜ ಅಂತ ಆರಿಸಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ. ಅದೇ ವೇಳೆಗೆ ಪೀಟರ್‌ಬರೋ ಮಠಕ್ಕೆ ಬ್ರ್ಯಾಂಡ್ ಅಂತ ಹೊಸ ಮಠಾಧಿಪತಿ ಆಯ್ಕೆಯಾದ. ಅದಕ್ಕೆ ರಾಜನ ಒಪ್ಪಿಗೆ ಬೇಕು. ಅವನು ಕಾನೂನು ಪ್ರಕಾರ ಎಡ್ಗರ್ ಬಳಿ ಹೋಗಿ ಒಪ್ಪಿಗೆ ಪಡೆದ. ವಿಷಯ ವಿಲಿಯಂ ಕಿವಿಗೆ ಬಿತ್ತು, ಕೆಂಡವಾದ. ಕೊನೆಗೆ 40 ಮಾರ್ಕ್ ಚಿನ್ನ ತೆತ್ತ ಮೇಲೆ ರಾಜಿಯಾಯಿತು. ತಪ್ಪು ಕೌಂಟರಿನಲ್ಲಿ ಅರ್ಜಿ ಕೊಟ್ಟಿದ್ದಕ್ಕೆ ಇಷ್ಟು ದುಬಾರಿ ದಂಡ ತೆತ್ತವರು ಬಹಳ ಜನ ಇರಲಾರರು. ಎಡ್ಗರನನ್ನು ಆರಿಸಿದ ದೊಡ್ಡವರು? ಅವರೇ ಹುಡುಗನನ್ನು ಕರೆದುಕೊಂಡು ಬರ್ಕ್‌ಹ್ಯಾಮ್‌ಸ್ಟೆಡ್‌ಗೆ ಹೋಗಿ ವಿಲಿಯಂಗೆ ಶರಣಾದರು.

ಪಟ್ಟಾಭಿಷೇಕ 1066ರ ಡಿಸೆಂಬರ್ 25ಕ್ಕೆ, ವೆಸ್ಟ್‌ಮಿನ್‌ಸ್ಟರ್‌ನಲ್ಲಿ. ‘ಈತ ನಿಮ್ಮ ರಾಜನಾಗಲು ಒಪ್ಪಿಗೆಯೇ?’ ಅಂತ ಸೇರಿದವರನ್ನು ಕೇಳಬೇಕು, ಅದು ಸಂಪ್ರದಾಯ. ಯಾರ್ಕಿನ ಆರ್ಚ್‌ಬಿಷಪ್ ಇಂಗ್ಲಿಷಿನಲ್ಲಿ ಕೇಳಿದ, ಕುಟಾನ್ಸ್‌ನ ಬಿಷಪ್ ಫ್ರೆಂಚಿನಲ್ಲಿ ಕೇಳಿದ. ಒಳಗಿದ್ದವರೆಲ್ಲ ‘ಒಪ್ಪಿಗೆ, ಒಪ್ಪಿಗೆ’ ಅಂತ ಕೂಗಿದರು. ಹೊರಗೆ ಕಾವಲಿದ್ದ ನಾರ್ಮನ್ ಸೈನಿಕರಿಗೆ ಆ ಗದ್ದಲ ದಂಗೆಯ ಹಾಗೆ ಕೇಳಿಸಿತು. ರಾಜನನ್ನು ಕಾಪಾಡಬೇಕಲ್ಲ? ಅಕ್ಕಪಕ್ಕದ ಮನೆಗಳಿಗೆ ಬೆಂಕಿ ಇಟ್ಟರು! ದಂಗೆ ಒಳಗೆ ಅಂತ ಅನುಮಾನ, ಬೆಂಕಿ ಹೊರಗಿನ ಮನೆಗೆ. ಹೊಗೆ ಕಂಡದ್ದೇ ಜನ ಎದ್ದುಬಿದ್ದು ಓಡಿದರು. ಕೆಲವರು ಬೆಂಕಿ ಆರಿಸಲು, ಕೆಲವರು ಸಿಕ್ಕಿದ್ದನ್ನು ಬಾಚಲು. ಒಳಗೆ ಉಳಿದ ನಾಲ್ಕಾರು ಪಾದ್ರಿಗಳು ಗಡಗಡ ನಡುಗುತ್ತಿದ್ದ ರಾಜನಿಗೆ ಹೇಗೋ ಶಾಸ್ತ್ರ ಮುಗಿಸಿದರು. ಪ್ರಜೆಗಳು ಒಪ್ಪಿದ್ದಕ್ಕೇ ಪ್ರಜೆಗಳ ಮನೆ ಸುಟ್ಟ ಪಟ್ಟಾಭಿಷೇಕ ಇದೊಂದೇ ಇರಬೇಕು.

ಆಮೇಲೆ ಕಾನೂನು ಕೆಲಸ. ಎಡ್ವರ್ಡ್ ಆದಮೇಲೆ ನಾನೇ ರಾಜ ಅಂದರೆ ಹೆರಾಲ್ಡ್ ರಾಜನಲ್ಲ. ಹೆರಾಲ್ಡ್ ರಾಜನಲ್ಲ ಅಂದರೆ ಹೇಸ್ಟಿಂಗ್ಸ್‌ನಲ್ಲಿ ಅವನ ಪರ ನಿಂತವರು ರಾಜದ್ರೋಹಿಗಳು. ರಾಜದ್ರೋಹಿಗಳ ಜಮೀನು ಜಪ್ತಿ. ಎಷ್ಟು ನೀಟಾಗಿದೆ ನೋಡಿ. ಅಕ್ಟೋಬರಿನಲ್ಲಿ ಸತ್ತವರು ಡಿಸೆಂಬರಿನಲ್ಲಿ ಕಿರೀಟ ಇಟ್ಟುಕೊಳ್ಳಲಿದ್ದವನಿಗೆ ದ್ರೋಹ ಮಾಡಿದ್ದರು. ಬದುಕಿ ಉಳಿದವರು ದುಡ್ಡು ಕೊಟ್ಟು ತಮ್ಮ ಜಮೀನನ್ನು ತಾವೇ ಕೊಂಡುಕೊಂಡರು ಅಂತ ಆಗಿನ ಇಂಗ್ಲಿಷ್ ದಿನಚರಿ ಬರೆದಿಟ್ಟಿದೆ.

ಇಪ್ಪತ್ತು ವರ್ಷ ಆಗುವಷ್ಟರಲ್ಲಿ ಯಾರ ಬಳಿ ಎಷ್ಟಿದೆ ಅಂತ ವಿಲಿಯಂಗೇ ಲೆಕ್ಕ ತಪ್ಪಿತ್ತು. 1085ರ ಕ್ರಿಸ್ಮಸ್‌ಗೆ ಗ್ಲಾಸ್ಟರಿನಲ್ಲಿ ಕೂತು ಸರ್ವೆಗೆ ಅಪ್ಪಣೆ ಮಾಡಿದ. ಊರೂರಿನ ಪಾದ್ರಿ, ಪಟೇಲ, ಆರು ಜನ ರೈತರು ಬಂದು ಪ್ರಮಾಣ ಮಾಡಿ ಹೇಳಬೇಕು. ಎಡ್ವರ್ಡ್ ಕಾಲದಲ್ಲಿ ಯಾರದು? ಈಗ ಯಾರದು? ಕಾಡೆಷ್ಟು, ಹುಲ್ಲುಗಾವಲೆಷ್ಟು, ಮೀನಿನ ಕೊಳ ಎಷ್ಟು? ಆಗ ಬೆಲೆ ಎಷ್ಟು, ಈಗ ಎಷ್ಟು? ಪಟ್ಟಿಯ ಕೊನೇ ಪ್ರಶ್ನೆ ನನಗೆ ಬಹಳ ಇಷ್ಟ: ‘ಈಗ ಸಿಗುತ್ತಿರುವುದಕ್ಕಿಂತ ಜಾಸ್ತಿ ಸಿಗಬಹುದಾ?’ ರೈತ ಇಂಗ್ಲಿಷಿನಲ್ಲಿ ಹೇಳಿದ್ದು, ಸಾಹೇಬರ ಕಿವಿಗೆ ಫ್ರೆಂಚಿನಲ್ಲಿ ಬಿದ್ದು, ಪುಸ್ತಕಕ್ಕೆ ಲ್ಯಾಟಿನ್ನಿನಲ್ಲಿ ಇಳಿಯಿತು. ಒಂದು ಎತ್ತು, ಒಂದು ಹಸು, ಒಂದು ಹಂದಿಯನ್ನೂ ಬಿಡಲಿಲ್ಲ, ಹೇಳಲು ನಮಗೆ ನಾಚಿಕೆ, ಮಾಡಲು ಅವನಿಗೆ ನಾಚಿಕೆಯಾಗಲಿಲ್ಲ ಅಂತ ಅದೇ ದಿನಚರಿಕಾರ ಗೊಣಗಿದ್ದಾನೆ. 13,000ಕ್ಕೂ ಹೆಚ್ಚು ಊರುಗಳು ಪುಸ್ತಕಕ್ಕೆ ಬಂದವು. ಲಂಡನ್ ಬರಲಿಲ್ಲ. ಅದಕ್ಕೆ ಅಂತ ಬಿಟ್ಟ ಜಾಗ ಇವತ್ತಿಗೂ ಖಾಲಿ ಇದೆ. ಹಂದಿ ಎಣಿಸಿದವರಿಗೆ ರಾಜಧಾನಿ ಎಣಿಸಲು ಪುರುಸೊತ್ತಾಗಲಿಲ್ಲ.

ಯಾರ್ಕ್‌ಷೈರಿನ ಪುಟಗಳಲ್ಲಿ ಊರಿನ ಹೆಸರಿನ ಮುಂದೆ ‘ಪಾಳು’, ‘ಪಾಳು’, ‘ಪಾಳು’ ಅಂತ ಸಾಲುಸಾಲು. 1069ರ ಚಳಿಗಾಲದಲ್ಲಿ ವಿಲಿಯಂನ ಸೈನ್ಯವೇ ದಂಗೆ ಅಡಗಿಸಲು ಹೋಗಿ ಬೆಳೆ, ದನ, ಮನೆ ಎಲ್ಲ ಸುಟ್ಟು ಬಂದಿತ್ತು. ಸರ್ವೆಯಲ್ಲಿ ಎಲ್ಲದಕ್ಕೂ ಕಾಲಂ ಇತ್ತು. ಪಾಳು ಮಾಡಿದ್ದು ಯಾರು ಅನ್ನೋದಕ್ಕೆ ಇರಲಿಲ್ಲ.

ಈ ಒರೆಸಿ ಹಾಕುವ ಚಟ ಮುಂದಕ್ಕೂ ಹಬ್ಬಿತು. 1272ರಲ್ಲಿ ಪಟ್ಟಕ್ಕೆ ಬಂದ ರಾಜನನ್ನು ಇಂಗ್ಲೆಂಡ್ ‘ಒಂದನೇ ಎಡ್ವರ್ಡ್’ ಅನ್ನುತ್ತದೆ. ಅವನಿಗಿಂತ ಮುಂಚೆ ಅದೇ ದೇಶವನ್ನು ಮೂವರು ಎಡ್ವರ್ಡರು ಆಳಿದ್ದರು. ಅವನಿಗೆ ಆ ಹೆಸರು ಇಟ್ಟದ್ದೇ ಆ ಮೂರನೆಯವನ ನೆನಪಿಗೆ! ಆದರೂ ಎಣಿಕೆ ಶುರುವಾಗುವುದು 1066ರ ನಂತರವೇ.

ಇನ್ನು ಬಾಯೂ ಟೇಪೆಸ್ಟ್ರಿ. ಇದೇ ಯುದ್ಧದ ಕಥೆಯನ್ನು ಚಿತ್ರಗಳಲ್ಲಿ ಹೇಳುವ, ಸುಮಾರು 70 ಮೀಟರ್ ಉದ್ದದ ಬಟ್ಟೆ. ಹೆಸರಿಗೆ ಟೇಪೆಸ್ಟ್ರಿ, ಆದರೆ ನೇಯ್ದದ್ದಲ್ಲ. ನಾರುಬಟ್ಟೆಯ ಮೇಲೆ ಉಣ್ಣೆ ದಾರದಲ್ಲಿ ಮಾಡಿದ ಕಸೂತಿ. ಧಾರವಾಡದ ಕಡೆಯ ಹೆಂಗಸರಿಗೆ ತೋರಿಸಿದರೆ ಒಂದೇ ನೋಟಕ್ಕೆ ಹೇಳಿಬಿಡುತ್ತಾರೆ. ಮಾಡಿಸಿದ್ದು ವಿಲಿಯಂನ ಮಲತಮ್ಮ ಬಿಷಪ್ ಓಡೋ, ಹೊಲಿದದ್ದು ಇಂಗ್ಲೆಂಡಿನ ಕೈಗಳು ಅನ್ನುವುದು ಹೆಚ್ಚಿನ ವಿದ್ವಾಂಸರ ಅಂದಾಜು. ಸೋತವರ ಸೂಜಿ, ಗೆದ್ದವರ ಕಥೆ. ಅದರಲ್ಲಿ ಸಿಂಹಾಸನದ ಮೇಲೆ ಕೂತ ಹೆರಾಲ್ಡನ ನೆತ್ತಿಯ ಮೇಲೆ ಸ್ಪಷ್ಟವಾಗಿ ಬರೆದಿದೆ: ‘ಇಂಗ್ಲಿಷರ ರಾಜ ಹೆರಾಲ್ಡ್.’ ಅಣ್ಣನ ಪಹಣಿಯಲ್ಲಿ ಅರ್ಲ್, ತಮ್ಮನ ಬಟ್ಟೆಯಲ್ಲಿ ರಾಜ. ಇಬ್ಬರೂ ಒಂದು ಮೀಟಿಂಗ್ ಮಾಡಿಕೊಳ್ಳಬಹುದಿತ್ತು.

ಆ ಬಟ್ಟೆಯನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಸಾಲ ಕೊಡುವುದಾಗಿ 2025ರ ಜುಲೈನಲ್ಲಿ ಫ್ರಾನ್ಸ್ ಘೋಷಿಸಿತು. ಬದಲಿಗೆ ಬ್ರಿಟನ್ ಏನು ಕಳಿಸುತ್ತದಂತೆ? ಸಟನ್ ಹೂ ನಿಧಿ. ಅಂದರೆ ಆಂಗ್ಲೋ-ಸ್ಯಾಕ್ಸನ್ನರ, ನಾರ್ಮನ್ನರು ಬರುವ ಮುಂಚಿನ ಇಂಗ್ಲಿಷರ, ಬಂಗಾರ. ಹೋಗುವುದು ಎಲ್ಲಿಗೆ? ನಾರ್ಮಂಡಿಗೆ. ತಾವು ಸೋತ ಕಥೆಯನ್ನು ಹತ್ತಿರದಿಂದ ನೋಡಲು, ಸೋಲಿಸಿದವರ ಊರಿಗೆ ಒಡವೆ ಅಡವು. ನಾನು ಇದಕ್ಕೆ ಏನನ್ನೂ ಸೇರಿಸಿಲ್ಲ.

ವಿಲಿಯಂ ಸತ್ತಿದ್ದು 1087ರ ಸೆಪ್ಟೆಂಬರ್ 9ಕ್ಕೆ, ರೂವಾನಿನಲ್ಲಿ. ಆಮೇಲಿನದ್ದನ್ನು ಆರ್ಡರಿಕ್ ಎಂಬ ಸನ್ಯಾಸಿ ಬಿಡಿಸಿ ಬರೆದಿದ್ದಾನೆ. ಹೆಣವನ್ನು ಕೇನ್ ಪಟ್ಟಣದಲ್ಲಿ ಅವನೇ ಕಟ್ಟಿಸಿದ ಮಠಕ್ಕೆ ತಂದರು. ಬಿಷಪ್ಪರೆಲ್ಲ ಸೇರಿದ್ದಾರೆ, ಹೊಗಳಿಕೆಯ ಭಾಷಣ ಆಗಿದೆ, ಇನ್ನೇನು ಕುಣಿಗೆ ಇಳಿಸಬೇಕು. ಗುಂಪಿನಿಂದ ಆಸೆಲಿನ್ ಎಂಬವನು ಎದ್ದು ನಿಂತ. ‘ನೀವು ನಿಂತಿರುವ ಜಾಗ ನಮ್ಮಪ್ಪನ ಮನೆಯದು. ಈ ಮನುಷ್ಯ ಬಲವಂತವಾಗಿ ಕಿತ್ತುಕೊಂಡ. ನನ್ನ ಮಣ್ಣಲ್ಲಿ ಇವನನ್ನು ಹೂಳಲು ಬಿಡುವುದಿಲ್ಲ’ ಅಂದ. ಅಕ್ಕಪಕ್ಕದವರು ಹೌದು ಅಂತ ಸಾಕ್ಷಿ ಹೇಳಿದರು. ದಾಖಲೆ ತಾ ಅಂತ ಯಾರೂ ಕೇಳಲಿಲ್ಲ. ಕುಣಿಯಷ್ಟು ಜಾಗಕ್ಕೆ 60 ಶಿಲಿಂಗ್ ಅಲ್ಲೇ ಕೊಟ್ಟು, ಉಳಿದದ್ದಕ್ಕೆ ಆಮೇಲೆ ಕೊಡುತ್ತೇವೆ ಅಂತ ಬಿಷಪ್ಪರು ಮಾತು ಕೊಟ್ಟರು.

ಇಳಿಸಲು ಹೋದರೆ ಕಲ್ಲಿನ ಪೆಟ್ಟಿಗೆ ಗಿಡ್ಡ. ಕಲ್ಲುಕುಟಿಗರು ಅಳತೆ ತಪ್ಪಿದ್ದರು. ಅದುಮಿದರು, ಉಬ್ಬಿದ್ದ ಹೊಟ್ಟೆ ಒಡೆಯಿತು. ಧೂಪ ಎಷ್ಟು ಹಾಕಿದರೂ ವಾಸನೆ ಅಡಗಲಿಲ್ಲ. ಪಾದ್ರಿಗಳು ಗಡಿಬಿಡಿಯಲ್ಲಿ ಮಂತ್ರ ಮುಗಿಸಿ ಅಲ್ಲಿಂದ ಕಾಲ್ಕಿತ್ತರು. ಅಷ್ಟು ಹೊತ್ತಿಗೆ ಆಸೆಲಿನ್ ಕೈಗೆ 60 ಶಿಲಿಂಗ್ ಬಂದಾಗಿತ್ತು.